ಚೆಕ್ಕು ನಗದಾಗುವ ಹೊತ್ತು

ಚೆಕ್ಕು ಬರೆದವರ ಖಾತೆ ಒಂದು ಬ್ಯಾಂಕಿನಲ್ಲಿ, ಪಡೆದವರ ಖಾತೆ ಮತ್ತೊಂದರಲ್ಲಿ ಇದ್ದಾಗ ಆ ಎರಡು ಬ್ಯಾಂಕುಗಳು ತಮ್ಮೊಳಗಿನ ಬಾಕಿಯನ್ನು ಚುಕ್ತಾ ಮಾಡಿಕೊಳ್ಳುವ ಏರ್ಪಾಡನ್ನು ಕ್ಲಿಯರಿಂಗ್ ಅಥವಾ ತೀರುವಳಿ ಎನ್ನುತ್ತಾರೆ. ಭಾರತದಲ್ಲಿ ಚೆಕ್ಕಿಗೆ ಇಂದಿಗೂ ಆಧಾರವಾಗಿರುವ ಕಾನೂನು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಅದು ಬಂದ ಮೇಲೆ ಒಂದು ಶತಮಾನಕ್ಕೂ ಮಿಕ್ಕಿ ತೀರುವಳಿಯೆಂದರೆ ಕಾಗದದ ಓಡಾಟವೇ ಆಗಿತ್ತು. ಊರಿನ ಬ್ಯಾಂಕುಗಳ ಗುಮಾಸ್ತರು ಚೆಕ್ಕಿನ ಕಟ್ಟುಗಳನ್ನು ಹಿಡಿದು ಕ್ಲಿಯರಿಂಗ್ ಹೌಸಿನಲ್ಲಿ ಸೇರಿ, ಅವುಗಳನ್ನು ಅದಲುಬದಲು ಮಾಡಿಕೊಂಡು, ಯಾರು ಯಾರಿಗೆ ಎಷ್ಟು ಕೊಡಬೇಕೆಂಬ ನಿವ್ವಳ ಲೆಕ್ಕ ತೆಗೆದು ಶಾಖೆಗಳಿಗೆ ಮರಳುತ್ತಿದ್ದರು; ಅಲ್ಲಿ ಸಹಿ ತಾಳೆಯಾಗದಿದ್ದರೆ ಅಥವಾ ಖಾತೆಯಲ್ಲಿ ಹಣವಿಲ್ಲದಿದ್ದರೆ ಚೆಕ್ಕು ಅದೇ ದಾರಿಯಲ್ಲಿ ವಾಪಸು ಬರುತ್ತಿತ್ತು.

ಈ ವಿಳಂಬದ ಬಿಸಿ ಹೆಚ್ಚು ತಟ್ಟಿದ್ದು ಸಣ್ಣ ಊರುಗಳ ಖಾತೆದಾರರಿಗೆ. ಮುಂಬೈಯ ಶಾಖೆಯೊಂದರ ಮೇಲೆ ಬರೆದ ಚೆಕ್ಕನ್ನು ಕರ್ನಾಟಕದ ತಾಲ್ಲೂಕು ಕೇಂದ್ರದಲ್ಲಿ ಜಮೆಗೆ ಕೊಟ್ಟರೆ ಅದು ಪರಸ್ಥಳದ ಚೆಕ್ಕೆನಿಸಿ, ಕಲೆಕ್ಷನ್‌ಗೆಂದು ಅಂಚೆಯಲ್ಲಿ ಹೋಗಿ, ಕಮಿಷನ್ ಕಳೆದು ಉಳಿದ ಮೊತ್ತವಾಗಿ ವಾರಗಳ ಬಳಿಕ ಖಾತೆ ಸೇರುತ್ತಿತ್ತು. ಅಷ್ಟು ದಿನವೂ ಹಣ ಬರೆದವರ ಬಳಿಯೋ ಬ್ಯಾಂಕುಗಳ ಬಳಿಯೋ ಇರುತ್ತಿತ್ತೇ ಹೊರತು ಅದರ ಅಗತ್ಯವಿದ್ದವರ ಕೈಗೆ ಸಿಗುತ್ತಿರಲಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಇಂಥ ಚೆಕ್ಕುಗಳಿಗೆ ಊರಿನ ದರ್ಜೆಗೆ ತಕ್ಕಂತೆ 7, 10 ಮತ್ತು 14 ದಿನಗಳ ಗಡುವು ವಿಧಿಸಿತು. ಎರಡು ವಾರದ ಕಾಯುವಿಕೆಯೂ ಸುಧಾರಣೆ ಎನಿಸಿತೆಂದರೆ ಹಿಂದಿನ ಸ್ಥಿತಿ ಎಂಥದ್ದೆಂದು ಊಹಿಸಬಹುದು.

ತೀರುವಳಿಯಲ್ಲಿ ಯಂತ್ರದ ಪ್ರವೇಶ ಅದಕ್ಕೂ ಮೊದಲೇ, 1980ರ ದಶಕದಲ್ಲಿ ಆಗಿತ್ತು. ಬ್ಯಾಂಕುಗಳ ಯಾಂತ್ರೀಕರಣವನ್ನು ಪರಿಶೀಲಿಸಿದ ರಂಗರಾಜನ್ ಸಮಿತಿಯ ಶಿಫಾರಸಿನಂತೆ ನಾಲ್ಕು ಮಹಾನಗರಗಳಲ್ಲಿ ಮೊದಲು ಬಂದ ಎಂಐಸಿಆರ್ ಪದ್ಧತಿಯಲ್ಲಿ ಚೆಕ್ಕಿನ ತಳಭಾಗದಲ್ಲಿ ಕಾಂತೀಯ ಶಾಯಿಯಿಂದ ಅಂಕಿಗಳನ್ನು ಅಚ್ಚು ಮಾಡಲಾಗುತ್ತದೆ. ಅವುಗಳ ಪೈಕಿ ಒಂಬತ್ತು ಅಂಕಿಯ ಸಂಕೇತವು ಊರು, ಬ್ಯಾಂಕು, ಶಾಖೆಗಳನ್ನು ಸೂಚಿಸುತ್ತದೆ, ಬೆಂಗಳೂರಿನ ಸಂಕೇತ 560ರಿಂದ ಆರಂಭವಾಗುತ್ತದೆ. ವಿಂಗಡಣೆ ವೇಗವಾಯಿತು, ಆದರೆ ಕಾಗದದ ಪ್ರಯಾಣ ನಿಲ್ಲಲಿಲ್ಲ.

ಅದನ್ನು ನಿಲ್ಲಿಸಿದ್ದು ಸಿಟಿಎಸ್, ಎಂದರೆ ಚೆಕ್ ಟ್ರಂಕೇಷನ್ ವ್ಯವಸ್ಥೆ. ಇದರಲ್ಲಿ ಜಮೆ ಪಡೆದ ಬ್ಯಾಂಕು ಚೆಕ್ಕನ್ನು ತನ್ನಲ್ಲೇ ಇಟ್ಟುಕೊಂಡು, ಅದರ ಮುಂಬದಿ ಮತ್ತು ಹಿಂಬದಿಯ ಚಿತ್ರಗಳನ್ನೂ ಕಾಂತೀಯ ಅಂಕಿಗಳ ವಿವರವನ್ನೂ ಪಾವತಿಸುವ ಬ್ಯಾಂಕಿಗೆ ವಿದ್ಯುನ್ಮಾನವಾಗಿ ಕಳುಹಿಸುತ್ತದೆ. 1881ರ ಕಾಯ್ದೆಗೆ ಮಾಡಿದ 2002ರ ತಿದ್ದುಪಡಿಯು ಇಂಥ ಚಿತ್ರಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. ದೆಹಲಿಯಲ್ಲಿ 2008ರ ಫೆಬ್ರುವರಿಯಲ್ಲಿ, ಕರ್ನಾಟಕವನ್ನೂ ಒಳಗೊಂಡ ದಕ್ಷಿಣ ವಲಯದ ಕೇಂದ್ರವಾದ ಚೆನ್ನೈಯಲ್ಲಿ 2011ರ ಸೆಪ್ಟೆಂಬರ್‌ನಲ್ಲಿ, ಮುಂಬೈಯಲ್ಲಿ 2013ರ ಏಪ್ರಿಲ್‌ನಲ್ಲಿ ಇದು ಜಾರಿಗೆ ಬಂತು. 2021ರಲ್ಲಿ ರಿಸರ್ವ್ ಬ್ಯಾಂಕು ಎಲ್ಲ ಶಾಖೆಗಳನ್ನೂ ಇದರೊಳಗೆ ತರಲು ಸೂಚಿಸಿತು. ಹಳ್ಳಿಯ ಖಾತೆದಾರರಿಗೂ ನಗರದವರಿಗೂ ನಡುವೆ ಇದ್ದ ದಿನಗಳ ಅಂತರ ಅಳಿಸಿಹೋದದ್ದೇ ಈ ಇಡೀ ಬದಲಾವಣೆಯ ಅತಿ ದೊಡ್ಡ ಫಲ.

ಆದರೆ ಎಚ್ಚರದ ಹೊರೆ ಕ್ರಮೇಣ ಬ್ಯಾಂಕಿನಿಂದ ಗ್ರಾಹಕರ ಕಡೆಗೆ ಸರಿದಿದೆ. ಸಿಟಿಎಸ್-2010 ಮಾದರಿಯ ಚೆಕ್ಕಿನಲ್ಲಿ ಹೆಸರನ್ನಾಗಲಿ ಮೊತ್ತವನ್ನಾಗಲಿ ತಿದ್ದಿ ಪಕ್ಕದಲ್ಲಿ ಸಹಿ ಹಾಕುವ ಹಳೆಯ ರೂಢಿ ನಡೆಯುವುದಿಲ್ಲ. ಕಾಗದವನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಪಾವತಿಸುವ ಬ್ಯಾಂಕಿಗೆ ಇಲ್ಲವಾದ್ದರಿಂದ, 50,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಚೆಕ್ಕುಗಳ ವಿವರವನ್ನು ಬರೆದವರೇ ಮುಂಚಿತವಾಗಿ ಬ್ಯಾಂಕಿಗೆ ತಿಳಿಸುವ ಪಾಸಿಟಿವ್ ಪೇ ಸೌಲಭ್ಯ 2021ರ ಜನವರಿ 1ರಿಂದ ಬಂದಿತು. 2025ರ ಅಕ್ಟೋಬರ್ 4ರಿಂದ ಹಗಲಿನ ನಿಗದಿತ ಅವಧಿಯಲ್ಲಿ ಚಿತ್ರಗಳು ನಿರಂತರವಾಗಿ ರವಾನೆಯಾಗುತ್ತವೆ, ಪಾವತಿಸುವ ಬ್ಯಾಂಕು ಅಂದೇ ಸಂಜೆ 7ರೊಳಗೆ ಉತ್ತರಿಸದಿದ್ದರೆ ಚೆಕ್ಕು ಅಂಗೀಕೃತವಾದಂತೆಯೇ ಸರಿ. ಚೆಕ್ಕು ದಾರಿಯಲ್ಲಿರುವಾಗ ಹಣ ಹೊಂದಿಸಿಕೊಳ್ಳುತ್ತಿದ್ದ ಸಣ್ಣ ವರ್ತಕರಿಗೆ ಆ ಬಿಡುವು ಈಗಿಲ್ಲ. ಹಣವಿಲ್ಲದೆ ಚೆಕ್ಕು ಮರಳಿದರೆ, ನೋಟಿಸು ಬಂದ ಮೇಲೂ ಪಾವತಿಸದವರಿಗೆ 1881ರ ಕಾಯ್ದೆಯ 138ನೇ ಕಲಮಿನಡಿ ಎರಡು ವರ್ಷದವರೆಗಿನ ಸೆರೆವಾಸದ ಸಾಧ್ಯತೆಯಂತೂ ಹಾಗೆಯೇ ಉಳಿದಿದೆ.

ಸಹಿ ತಮ್ಮದಲ್ಲವೆಂದು ವಾದಿಸುವ ಖಾತೆದಾರರ ಪಾಡು ಇನ್ನಷ್ಟು ಸೂಕ್ಷ್ಮವಾದದ್ದು. ಮೂಲ ಚೆಕ್ಕು ಈಗ ಅವರ ಬ್ಯಾಂಕಿನಲ್ಲಿರದೆ ಜಮೆ ಪಡೆದ ಬ್ಯಾಂಕಿನ ವಶದಲ್ಲಿ ಹತ್ತು ವರ್ಷ ಇರುತ್ತದೆ. ವಂಚನೆಯ ಸಂಶಯವಿದ್ದಾಗ ಅದನ್ನು ತರಿಸಿ ನೋಡುವ ಹಕ್ಕನ್ನು ಅದೇ ಕಾಯ್ದೆಯ 64ನೇ ಕಲಮು ಪಾವತಿಸುವ ಬ್ಯಾಂಕಿಗೆ ಕೊಟ್ಟಿದೆ, ಆದ್ದರಿಂದ ಖಾತೆದಾರರು ಮೊದಲು ತಮ್ಮ ಶಾಖೆಗೆ ಲಿಖಿತ ದೂರು ಸಲ್ಲಿಸಿ, ಆ ಹಕ್ಕನ್ನು ಚಲಾಯಿಸುವಂತೆ ಕೇಳಿಕೊಳ್ಳಬೇಕಾಗುತ್ತದೆ.