ರಹದಾರಿ ಯಾರ ಕೈಯಲ್ಲಿ? ಸೂರತ್ ಬಂದರಿನಿಂದ ವಿಹಾರನೌಕೆಯವರೆಗೆ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಡಗಿನ ವಿಹಾರಕ್ಕೆ ಹೊರಡುವವರು ಈಗ ಅಪರೂಪವಲ್ಲ. ಹಡಗು ಬೆಳಗ್ಗೆ ಒಂದು ಬಂದರಿನಲ್ಲಿ ನಿಂತು ಸಂಜೆ ಹೊರಡುತ್ತದೆ. ನಡುವಿನ ಎಂಟು ಹತ್ತು ಗಂಟೆಗಳಲ್ಲಿ ಊರು ತೋರಿಸಲು ಹಡಗಿನವರೂ ಏರ್ಪಾಟು ಮಾಡುತ್ತಾರೆ, ಖಾಸಗಿ ಪ್ರವಾಸ ಕಂಪನಿಗಳೂ ಮಾಡುತ್ತವೆ. ಖಾಸಗಿ ಕಂಪನಿಯನ್ನು ಆರಿಸಿಕೊಂಡರೆ ಮುಂಗಡ ಹಣದೊಡನೆ ಇನ್ನೊಂದು ಬೇಡಿಕೆ ಬರುವುದುಂಟು: ಪಾಸ್‌ಪೋರ್ಟಿನ ಸಂಖ್ಯೆ, ಜನ್ಮದಿನಾಂಕ, ಕೆಲವೊಮ್ಮೆ ಭಾವಚಿತ್ರವಿರುವ ಪುಟದ ಪ್ರತಿ. ಹೆಸರೇ ಕೇಳಿರದ ಊರಿನ, ಮುಖವೇ ನೋಡಿರದ ಕಂಪನಿಗೆ ಇವನ್ನು ಕೊಡಬಹುದೇ? ಪ್ರಶ್ನೆ ಹೊಸದೆಂದು ತೋರುತ್ತದೆ. ಆದರೆ ನಾವು ವಾಸವಾಗಿರುವ ಈ ಗುಜರಾತಿನ ತೀರದಲ್ಲಿ ಅದಕ್ಕೆ 400 ವರ್ಷಗಳಿಗೂ ಮಿಕ್ಕ ವಯಸ್ಸಾಗಿದೆ.

ಪಾಸ್‌ಪೋರ್ಟಿಗೆ ಕನ್ನಡದಲ್ಲಿ ನಾವು ಬಳಸುವ 'ರಹದಾರಿ' ಎಂಬ ಮಾತಿನಿಂದಲೇ ಆರಂಭಿಸಬಹುದು. ಅದು ಪಾರಸಿಯಿಂದ ಬಂದದ್ದು. 'ರಾಹ್' ಎಂದರೆ ದಾರಿ. ಮೊಗಲರ ಕಾಲದಲ್ಲಿ ರಾಹದಾರಿ ಎಂದರೆ ದಾರಿಗಾವಲಿನವರು ವಸೂಲು ಮಾಡುತ್ತಿದ್ದ ಸುಂಕ. ಕನ್ನಡಕ್ಕೆ ಬಂದ ಮೇಲೆ ಅದೇ ಶಬ್ದ ಸಂಚಾರಕ್ಕೆ ಕೊಡುವ ಅನುಮತಿಪತ್ರವನ್ನು ಸೂಚಿಸತೊಡಗಿತು. ದಾರಿಯನ್ನು ಕಾಯುವವನು, ದಾರಿಗೆ ಹಣ ಕೇಳುವವನು, ದಾರಿಗೆ ಚೀಟಿ ಕೊಡುವವನು, ಈ ಮೂವರೂ ಒಂದೇ ಶಬ್ದದೊಳಗೆ ಇದ್ದಾರೆ. ಸಂಚಾರಪತ್ರದ ಇತಿಹಾಸವೂ ಬಹುಮಟ್ಟಿಗೆ ಈ ಮೂವರ ಸಂಬಂಧದ ಇತಿಹಾಸವೇ.

ಕಡಲಿನ ಮೇಲೆ ಇಂಥ ಚೀಟಿಯನ್ನು ಕಡ್ಡಾಯ ಮಾಡಿದವರು ಪೋರ್ಚುಗೀಸರು. 16ನೆಯ ಶತಮಾನದ ಆರಂಭದಿಂದ ಅರಬ್ಬೀ ಸಮುದ್ರದಲ್ಲಿ ಸಾಗುವ ಹಡಗುಗಳು ಅವರಿಂದ 'ಕಾರ್ತಾಜ್' ಎಂಬ ಪರವಾನಗಿಯನ್ನು ಪಡೆಯಬೇಕಾಯಿತು. ಹಡಗಿನ ಹೆಸರು, ನಖೂದನ ಹೆಸರು, ಗಾತ್ರ, ಜೊತೆಗಿರುವ ಆಯುಧ, ಹೋಗುವ ಬಂದರು ಮುಂತಾದ ವಿವರಗಳು ಅದರಲ್ಲಿರುತ್ತಿದ್ದವು. ಚೀಟಿ ಇಲ್ಲದ ಹಡಗು ಸಿಕ್ಕರೆ ಅದನ್ನು ವಶಪಡಿಸಿಕೊಳ್ಳುವುದು ತಮ್ಮ ಹಕ್ಕೆಂದು ಅವರು ಸಾರಿದರು. ಗುಜರಾತಿನ ವರ್ತಕರಿಗೆ ಬಂದ ಈ ಸಂಕಟ ಕನ್ನಡದ ಕರಾವಳಿಗೂ ಬಂದಿತ್ತು. ಕೆಳದಿಯ ನಾಯಕರು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ಕಾರ್ತಾಜಿನ ವಿಷಯವೂ ಸೇರಿದೆ. ಬಸರೂರು, ಹೊನ್ನಾವರಗಳಿಂದ ಅಕ್ಕಿ ಸಾಗಿಸುವ ಹಡಗುಗಳಿಗೆ ಅದು ಅನ್ನದ ಪ್ರಶ್ನೆಯಾಗಿತ್ತು.

ಕೇಳಿದ ವಿವರಗಳನ್ನೆಲ್ಲ ಒಪ್ಪಿಸಿ ಚೀಟಿ ಪಡೆದವನು ಸುರಕ್ಷಿತನೆ? ಅಲ್ಲವೆಂಬುದಕ್ಕೆ 1613ರ 'ರಹೀಮಿ' ಹಡಗಿನ ಪ್ರಕರಣ ಸಾಕ್ಷಿ. ಅದು ಸಾಮಾನ್ಯ ವರ್ತಕನ ಹಡಗಲ್ಲ. ಜಹಾಂಗೀರನ ತಾಯಿ ಮರಿಯಂ ಉಜ್ ಜಮಾನಿಯವರದು. ಸೂರತ್‌ನಿಂದ ಹಜ್ ಯಾತ್ರಿಗಳನ್ನೂ ಸರಕನ್ನೂ ಒಯ್ಯುತ್ತಿದ್ದ ದೊಡ್ಡ ಹಡಗು. ಅದರ ಬಳಿ ಕಾರ್ತಾಜ್ ಇತ್ತು. ಆದರೂ ಪೋರ್ಚುಗೀಸರು ಅದನ್ನು ಸೂರತ್‌ನ ಸಮೀಪದಲ್ಲೇ ಹಿಡಿದು, ಜನರ ಸಹಿತ ಗೋವೆಗೆ ಒಯ್ದರು. ಕುಪಿತನಾದ ಜಹಾಂಗೀರ್ ಪೋರ್ಚುಗೀಸರ ವ್ಯಾಪಾರವನ್ನು ತಡೆದ, ದಮನ್‌ಗೆ ಮುತ್ತಿಗೆ ಹಾಕಿಸಿದ. ಈ ವೈರದಿಂದ ಲಾಭವಾದದ್ದು ಆಗತಾನೆ ಸೂರತ್‌ನಲ್ಲಿ ಕಾಲೂರುತ್ತಿದ್ದ ಇಂಗ್ಲಿಷರಿಗೆ. ಚೀಟಿಯ ಬೆಲೆ ಅದರಲ್ಲಿ ಬರೆದ ಮಾತಿಗಲ್ಲ, ಬರೆದುಕೊಟ್ಟವನ ನಿಯತ್ತಿಗೆ ಎಂಬುದನ್ನು ಸಾಮ್ರಾಜ್ಯದ ರಾಜಮಾತೆಯೇ ಅಂದು ಅನುಭವದಿಂದ ಅರಿಯಬೇಕಾಯಿತು.

ನೆಲದ ಮೇಲೆ ಸುಂಕದ ಕಟ್ಟೆಯಿತ್ತು. 1615ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ ಸೂರತ್‌ಗೆ ಬಂದಾಗ ಎದ್ದ ಮೊದಲ ಜಗಳವೇ ಮೈಗಡವು ಮತ್ತು ಸಾಮಾನು ಶೋಧದ್ದು. ತಾನು ರಾಜನ ಪ್ರತಿನಿಧಿ, ತನ್ನನ್ನೂ ತನ್ನವರನ್ನೂ ತಡಕಾಡುವಂತಿಲ್ಲ ಎಂದು ಆತ ಹಟ ಹಿಡಿದ. ಬಂದರಿಗೆ ಇಳಿದವರನ್ನೆಲ್ಲ ಶೋಧಿಸುವುದು ತಮ್ಮ ವಾಡಿಕೆ ಎಂದು ಅಧಿಕಾರಿಗಳೂ ಹಟ ಹಿಡಿದರು. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ನಮ್ಮ ಗಾದೆ ರೋಗೆ ಗೊತ್ತಿರಲಿಲ್ಲ. ಆದರೆ ಆ ಜಗಳದಲ್ಲಿ ಒಂದು ಗಂಭೀರವಾದ ಪ್ರಶ್ನೆಯಿತ್ತು: ಪರಿಚಯ ಹೇಳಿಕೊಂಡ ಮಾತ್ರಕ್ಕೆ ಎಲ್ಲವನ್ನೂ ಬಿಚ್ಚಿ ತೋರಿಸಬೇಕೇ?

ಇದೇ ಸೂರತ್‌ಗೆ 1623ರ ಫೆಬ್ರವರಿಯಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಬಂದಿಳಿದ. ಕನ್ನಡಿಗರಿಗೆ ಆತ ಪರಿಚಿತನೇ. ಖಂಭಾತ್, ಅಹಮದಾಬಾದ್‌ಗಳನ್ನು ಕಂಡು, ಗೋವೆಗೆ ಹೋಗಿ, ಅದೇ ವರ್ಷದ ಕೊನೆಯಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನೂ ಬಳಿಕ ಉಳ್ಳಾಲದ ರಾಣಿಯನ್ನೂ ನೋಡಿ ಪತ್ರಗಳಲ್ಲಿ ಬರೆದವನು. ಮೊಗಲರು, ಪೋರ್ಚುಗೀಸರು, ಕೆಳದಿಯವರು, ಉಳ್ಳಾಲದವರು ಎಂಬ ನಾಲ್ಕು ಆಡಳಿತಗಳನ್ನು ಆತ ಒಂದೇ ವರ್ಷದಲ್ಲಿ ದಾಟಿದ. ನಾಲ್ವರಿಗೂ ಒಪ್ಪಿಗೆಯಾಗುವ ಒಂದು ಪುಸ್ತಕ ಅಂದು ಇರಲಿಲ್ಲ. ಸೂರತ್‌ಗೆ ಆತ ಬಂದದ್ದು ಇಂಗ್ಲಿಷರ ಹಡಗಿನಲ್ಲಿ. ಇಕ್ಕೇರಿಗೆ ಹೋದದ್ದು ಪೋರ್ಚುಗೀಸ್ ರಾಯಭಾರಿಯ ಪರಿವಾರದೊಡನೆ. ಪರಿಚಯಸ್ಥರ ನಾಲಿಗೆಯೇ ಅಂದಿನ ಪಾಸ್‌ಪೋರ್ಟ್. ಇಂದಿನ ಪ್ರವಾಸ ಕಂಪನಿ ವಹಿಸುವ ಪಾತ್ರವೂ ಮೂಲತಃ ಇದೇ: ಇವರು ನನ್ನ ಜನ, ಸಂಜೆಗೆ ಹಿಂದಿರುಗಿಸುತ್ತೇನೆ ಎಂದು ಬಂದರಿನವರಿಗೆ ಹೇಳುವುದು.

ಖಾಸಗಿ ಮಧ್ಯವರ್ತಿ ಈ ಕತೆಯೊಳಗೆ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಹಜ್ ಯಾತ್ರೆಯಲ್ಲಿ. ಸೂರತ್‌ನ ಮಹಾನಗರಪಾಲಿಕೆಯ ಮುಖ್ಯ ಕಚೇರಿ ಇರುವ ಮುಗಲಸರಾಯ್ ಕಟ್ಟಡ 1644ರಲ್ಲಿ, ಶಹಜಹಾನನ ಕಾಲದಲ್ಲಿ, ಯಾತ್ರಿಗಳ ವಸತಿಗೆಂದು ಕಟ್ಟಿದ ಛತ್ರ. ಮುಂದೆ ಯಾತ್ರೆಯ ಹಡಗುಗಳು ಮುಂಬಯಿಗೆ ಸರಿದವು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಟಿಕೇಟು ದಲ್ಲಾಳಿಗಳ ಹಾವಳಿ ಹೆಚ್ಚಿತು. ತೂಕ ಮೀರಿ ಜನರನ್ನು ತುಂಬುವುದು, ಹೇಳಿದ ದಿನ ಹಡಗು ಹೊರಡದಿರುವುದು, ಹಿಂದಿರುಗಲು ಹಣವಿಲ್ಲದೆ ಬಡ ಯಾತ್ರಿಗಳು ಜೆದ್ದಾದಲ್ಲೇ ಉಳಿಯುವುದು, ಇವು ದೂರುಗಳ ಸಾರ. 1880ರ ದಶಕದಲ್ಲಿ ಯಾತ್ರಿಗಳಿಗೆ ಪಾಸ್‌ಪೋರ್ಟ್ ಕೊಡುವ ಏರ್ಪಾಟೂ ಬಂತು. 1886ರಲ್ಲಿ ಸರ್ಕಾರ ಇಂಗ್ಲೆಂಡಿನ ಥಾಮಸ್ ಕುಕ್ ಕಂಪನಿಯನ್ನು ಯಾತ್ರೆಯ ಅಧಿಕೃತ ಏಜೆಂಟರನ್ನಾಗಿ ನೇಮಿಸಿತು. ಒಳನಾಡಿನ ರೈಲಿನ ಟಿಕೇಟನ್ನೂ ಜೆದ್ದಾದ ಹಡಗಿನ ಟಿಕೇಟನ್ನೂ ಒಟ್ಟಿಗೆ ಮಾರುವುದು ಅದರ ಕೆಲಸ. ಸರ್ಕಾರದ ಕರ್ತವ್ಯದ ಒಂದು ಭಾಗವನ್ನು ಪ್ರವಾಸ ಕಂಪನಿಗೆ ವಹಿಸಿದ ಈ ಪ್ರಯೋಗ ಲಾಭ ತರಲಿಲ್ಲ. 1890ರ ದಶಕದಲ್ಲಿ ನಿಂತುಹೋಯಿತು. ಆದರೆ ಒಂದು ಮಾದರಿ ಉಳಿಯಿತು. ಯಾತ್ರಿಕನಿಗೂ ಬಂದರಿನ ಅಧಿಕಾರಿಗೂ ನಡುವೆ, ಕಾಗದಪತ್ರಗಳನ್ನು ನೋಡಿಕೊಳ್ಳುವ ಮೂರನೆಯವನೊಬ್ಬ ಖಾಯಮ್ಮಾಗಿ ನಿಂತ.

ಬಡವನಿಗೆ ಮಾತ್ರ ಈ ಕಟ್ಟುಪಾಡು ಎಂದು ಭಾವಿಸಬೇಕಿಲ್ಲ. ವಡೋದರೆಯ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1887ರಿಂದ ಪದೇ ಪದೇ ಯುರೋಪಿಗೆ ಹೋಗುತ್ತಿದ್ದರು. 1900ರಲ್ಲಿ ವೈಸರಾಯ್ ಕರ್ಜನ್ ಸುತ್ತೋಲೆ ಹೊರಡಿಸಿ, ದೇಶೀಯ ರಾಜರು ವಿದೇಶಕ್ಕೆ ಹೋಗಬೇಕಾದರೆ ಮೊದಲೇ ಅನುಮತಿ ಪಡೆಯಬೇಕು, ಕಾರಣ ತಿಳಿಸಬೇಕು ಎಂದು ವಿಧಿಸಿದ. ಗಾಯಕವಾಡರು ಇದನ್ನು ಅವಮಾನವೆಂದೇ ತಿಳಿದರು. ಎಲ್ಲಿಗೆ, ಏಕೆ, ಎಷ್ಟು ದಿನ ಎಂಬ ಪ್ರಶ್ನೆಗಳಿಗೆ ಉತ್ತರಿಸಬೇಕಾದ ಸ್ಥಿತಿಯೇ ಅಧೀನತೆಯ ಗುರುತು ಎಂಬುದು ಅವರಿಗೆ ತಿಳಿದಿತ್ತು.

ಈ ಅಧೀನತೆಯ ವಿರುದ್ಧ ನಡೆದ ದೊಡ್ಡ ಹೋರಾಟದ ಕತೆ ಅಹಮದಾಬಾದಿಗೆ ಸಲ್ಲುತ್ತದೆ. ನಡೆದದ್ದು ಮಾತ್ರ ದಕ್ಷಿಣ ಆಫ್ರಿಕದಲ್ಲಿ. ಟ್ರಾನ್ಸ್‌ವಾಲಿನ ಏಷ್ಯನ್ನರೆಲ್ಲರೂ ಬೆರಳಚ್ಚು ಕೊಟ್ಟು ನೋಂದಣಿಪತ್ರ ಪಡೆಯಬೇಕು, ಕೇಳಿದಾಗ ತೋರಿಸಬೇಕು ಎಂಬ ಕಾನೂನು 1906ರಲ್ಲಿ ರೂಪುಗೊಂಡಿತು. ಅಲ್ಲಿದ್ದ ಭಾರತೀಯ ವರ್ತಕರಲ್ಲಿ ಸೂರತ್ ಸೀಮೆಯವರು ಬಹಳ ಮಂದಿ. 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಸಭೆಯಲ್ಲಿ ಅವರು ಇದಕ್ಕೆ ಒಪ್ಪುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. 1908ರ ಜನವರಿಯಲ್ಲಿ ಗಾಂಧೀಜಿ ಮತ್ತು ಜನರಲ್ ಸ್ಮಟ್ಸ್ ನಡುವೆ ಒಪ್ಪಂದವಾಯಿತು. ಸ್ವಇಚ್ಛೆಯಿಂದ ನೋಂದಾಯಿಸಿಕೊಂಡರೆ ಕಾನೂನು ರದ್ದಾಗುತ್ತದೆ ಎಂದು ಗಾಂಧೀಜಿ ಅದನ್ನು ಅರ್ಥಮಾಡಿಕೊಂಡು ತಾವೇ ಹತ್ತು ಬೆರಳುಗಳ ಗುರುತು ಕೊಟ್ಟರು. ಕಾನೂನು ರದ್ದಾಗಲಿಲ್ಲ. ಆಗಸ್ಟ್ 16ರಂದು ಜೋಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿಯ ಆವರಣದಲ್ಲಿ 2000ಕ್ಕೂ ಹೆಚ್ಚು ಪತ್ರಗಳನ್ನು ಕಡಾಯಿಯಲ್ಲಿ ಸುಟ್ಟರು. ಈ ಹೋರಾಟದ ಇತಿಹಾಸವನ್ನು ಗಾಂಧೀಜಿ ಮುಂದೆ ಯೆರವಡಾ ಸೆರೆಮನೆಯಲ್ಲಿ ಗುಜರಾತಿಯಲ್ಲಿ ಬರೆಯತೊಡಗಿದರು. ಅದು ಬೆಳಕು ಕಂಡದ್ದು ಅಹಮದಾಬಾದಿನ 'ನವಜೀವನ'ದಲ್ಲಿ.

ಇದರಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಅಂಶವೊಂದಿದೆ. ಗಾಂಧೀಜಿ ಬೆರಳಚ್ಚನ್ನೇ ಪಾಪವೆಂದು ಭಾವಿಸಲಿಲ್ಲ. ಬಲವಂತವಾಗಿ ಕೇಳಿದಾಗ ಕೊಡಲಿಲ್ಲ. ಮಾತಿನ ಆಧಾರದ ಮೇಲೆ ಕೇಳಿದಾಗ ಕೊಟ್ಟರು. ಆ ಮಾತು ಮುರಿದಾಗ ಪತ್ರವನ್ನು ಸುಡಿಸಿದರು. ವಿವರ ಒಂದೇ. ಯಾವ ಕಾರಣಕ್ಕೆ, ಯಾವ ಷರತ್ತಿನ ಮೇಲೆ ಎಂಬುದು ಮಾತ್ರ ಬೇರೆ. ಆದರೆ ಪತ್ರವನ್ನು ಸುಟ್ಟರೂ ಕಚೇರಿಯ ಕಡತದಲ್ಲಿ ಸೇರಿದ ಬೆರಳಚ್ಚು ಸುಟ್ಟುಹೋಗುವುದಿಲ್ಲ.

ಮೊದಲ ಮಹಾಯುದ್ಧದ ತರುವಾಯ ಪಾಸ್‌ಪೋರ್ಟ್ ಲೋಕವ್ಯಾಪಿಯಾಯಿತು. ಭಾರತವನ್ನು ಪ್ರವೇಶಿಸುವವರಿಗೆ ಅದನ್ನು ವಿಧಿಸುವ ಕಾಯಿದೆ 1920ರಲ್ಲಿ ಬಂತು. ವಿದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟು 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಹೇಳಿತು. ಅದೇ ವರ್ಷ ಈಗಿನ ಪಾಸ್‌ಪೋರ್ಟ್ ಕಾಯಿದೆ ಜಾರಿಯಾಯಿತು. ಅದರ 17ನೆಯ ಕಲಮಿನ ಪ್ರಕಾರ ಪಾಸ್‌ಪೋರ್ಟ್ ಎಂದಿಗೂ ಕೇಂದ್ರ ಸರ್ಕಾರದ ಸ್ವತ್ತು. ನಾವು ಅದನ್ನು ಹೊಂದಿರುವವರು ಮಾತ್ರ. ಹಾಗಾದರೆ ಅದರೊಳಗಿನ ವಿವರಗಳು ಯಾರವು? ಇದಕ್ಕೆ ಉತ್ತರ ದೊರೆಯಲು ಇನ್ನೂ 50 ವರ್ಷ ಬೇಕಾಯಿತು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅಂಗೀಕಾರವಾಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಲಾಯಿತು. ಯಾವ ಉದ್ದೇಶಕ್ಕೆ ವಿವರ ಪಡೆಯುತ್ತಾರೋ ಅದನ್ನು ತಿಳಿಸಬೇಕು, ಉದ್ದೇಶ ತೀರಿದ ಮೇಲೆ ಅಳಿಸಬೇಕು ಎಂಬುದು ಅದರ ತಿರುಳು. ಬೇರೆ ದೇಶದ ಬಂದರಿನಲ್ಲಿರುವ ಕಂಪನಿಯ ಮೇಲೆ ಈ ಕಾಯಿದೆಯ ಹಿಡಿತ ಅಷ್ಟಕ್ಕಷ್ಟೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹಡಗಿನವರು ಬಂದರಿಗೆ ಕೊಡುವ ಪ್ರಯಾಣಿಕರ ಪಟ್ಟಿಯ ನಮೂನೆ 1965ರ ಅಂತರರಾಷ್ಟ್ರೀಯ ಒಡಂಬಡಿಕೆಯ ಏರ್ಪಾಟು. ಹೆಸರು, ರಾಷ್ಟ್ರೀಯತೆ, ಜನ್ಮದಿನಾಂಕ, ಗುರುತಿನ ಪತ್ರದ ಸಂಖ್ಯೆ ಅದರಲ್ಲಿರುತ್ತವೆ. ಆದುದರಿಂದ ಹಡಗಿನ ಮೂಲಕವೇ ನಮ್ಮ ವಿವರ ಬಂದರಿನ ಅಧಿಕಾರಿಗಳಿಗೆ ತಲುಪಿರುತ್ತದೆ. ಹಾಗಿದ್ದರೂ ಖಾಸಗಿ ಕಂಪನಿ ಕೇಳುವುದಕ್ಕೆ ಕೆಲವೆಡೆ ನಿಜವಾದ ಕಾರಣವಿದೆ. ರಷ್ಯ 2009ರಿಂದ, ಪರವಾನಗಿ ಪಡೆದ ಪ್ರವಾಸ ಕಂಪನಿಯೊಡನೆ ಇಳಿಯುವ ವಿಹಾರಿಗಳಿಗೆ 72 ಗಂಟೆಗಳ ಕಾಲ ವೀಸಾ ವಿನಾಯಿತಿ ಕೊಟ್ಟಿತ್ತು. ಸೇಂಟ್ ಪೀಟರ್ಸ್‌ಬರ್ಗಿನ ಬಂದರಿನಲ್ಲಿ ಕಂಪನಿ ಕೊಟ್ಟ ಪ್ರವಾಸದ ಚೀಟಿಯೇ ವೀಸಾದ ಸ್ಥಾನದಲ್ಲಿ ನಿಲ್ಲುತ್ತಿತ್ತು. ಅಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಕೊಡದೆ ಚೀಟಿಯೇ ಹುಟ್ಟುತ್ತಿರಲಿಲ್ಲ. ನಮ್ಮ ನವಮಂಗಳೂರು ಬಂದರಿನಲ್ಲಿ ಇಳಿದು ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟನನ್ನು ನೋಡಿ ಸಂಜೆಗೆ ಹಡಗೇರುವ ವಿದೇಶೀಯರ ಪಾಸ್‌ಪೋರ್ಟನ್ನು ಪರಿಶೀಲಿಸುವುದು ವಲಸೆ ಅಧಿಕಾರಿಗಳೇ. ಬಸದಿಯ ಬಾಗಿಲು ತೋರಿಸುವ ಕಾರಿನವನಿಗೆ ಅವರ ಪಾಸ್‌ಪೋರ್ಟಿನ ಪ್ರತಿಯಿಂದ ಆಗಬೇಕಾದದ್ದು ಏನೂ ಇಲ್ಲ.

ಆದುದರಿಂದ ಕೊಡುವ ಮೊದಲು ಏಕೆ ಬೇಕು, ಯಾರಿಗೆ ಒಪ್ಪಿಸುತ್ತೀರಿ, ಎಂದು ಅಳಿಸುತ್ತೀರಿ ಎಂದು ಕೇಳಬೇಕು. ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಸಂಖ್ಯೆ ಸಾಕಾಗುವಲ್ಲಿ ಪುಟದ ಚಿತ್ರವನ್ನು ಕಳಿಸಬಾರದು. ಭಾವಚಿತ್ರದ ಪುಟದಲ್ಲಿ ಹುಟ್ಟಿದ ಊರೂ ಸಹಿಯೂ ಇವೆ. ಭಾರತದ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆತಾಯಿಗಳ, ಪತಿ ಅಥವಾ ಪತ್ನಿಯ ಹೆಸರೂ ಮನೆಯ ವಿಳಾಸವೂ ಇವೆ. ಅದನ್ನು ಕೇಳುವ ಕಾರಣ ದಿನದ ಪ್ರವಾಸದವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಪ್ರತಿ ಕೊಡಲೇಬೇಕಾದರೆ ಅದರ ಮೇಲೆ ಕಂಪನಿಯ ಹೆಸರು, ಪ್ರವಾಸದ ದಿನಾಂಕ, ಉದ್ದೇಶಗಳನ್ನು ಅಡ್ಡಲಾಗಿ ಬರೆದು ಕಳಿಸುವುದು ಲೇಸು. ಮೂಲ ಪಾಸ್‌ಪೋರ್ಟನ್ನು ಪ್ರವಾಸ ಕಂಪನಿಯವರ ಕೈಗೆ ಒಪ್ಪಿಸಿ ದಿನವಿಡೀ ತಿರುಗುವುದು ಸಲ್ಲದು. ಪಾಸ್‌ಪೋರ್ಟನ್ನು ಬದಲಾಯಿಸಿದರೆ ಸಂಖ್ಯೆ ಬದಲಾಗುತ್ತದೆ; ಜನ್ಮದಿನಾಂಕ, ತಾಯಿಯ ಹೆಸರು ಬದಲಾಗುವುದಿಲ್ಲ. ಹಿರಿಯರ ಪರವಾಗಿ ಟಿಕೇಟು ಕಾದಿರಿಸುವ ಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ ಕೊಡುವವರು ಒಬ್ಬರು, ವಿವರ ಇನ್ನೊಬ್ಬರದು. ಅಪ್ಪ ಅಮ್ಮನನ್ನು ಒಂದು ಮಾತು ಕೇಳಿ ಕೊಡುವುದೇ ಸರಿಯಾದ ಕ್ರಮ.