ಮಲೆನಾಡಿನಲ್ಲಿ ಆಂಗ್ಲಭಾಷಾಭ್ಯಾಸ

ಆಂಗ್ಲಶಬ್ದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ರೀವ್ ಪಾದ್ರಿಯ ನಿಘಂಟು 1824ರಲ್ಲಿಯೇ ಅಚ್ಚಾಯಿತು. ಆದರೆ ನಿಘಂಟು ಅರ್ಥವನ್ನು ಕೊಡಬಲ್ಲುದಲ್ಲದೆ ಧ್ವನಿಯನ್ನಲ್ಲ. ಉಡುವ ‘ವೆಸ್ಟ್’, ಪಡುವಣ ದಿಕ್ಕಿನ ‘ವೆಸ್ಟ್’ ಇವೆರಡರ ಆದ್ಯಕ್ಷರಗಳು ಆಂಗ್ಲದಲ್ಲಿ ಭಿನ್ನಧ್ವನಿಗಳು. ಕನ್ನಡದಲ್ಲಿ ಎರಡಕ್ಕೂ ವಕಾರವೊಂದೇ. ಆದುದರಿಂದ ಉಚ್ಚಾರಣೆಯು, ವೇದಪಾಠದಂತೆ, ಗುರುಮುಖದಿಂದಲೇ ಬರತಕ್ಕುದು.

ಈ ಅಭ್ಯಾಸದ ಫಲವೇನೆಂಬುದಕ್ಕೆ ಅರಳಸುರಳಿಯನ್ನೊಳಗೊಂಡ ತೀರ್ಥಹಳ್ಳಿ ಸೀಮೆಯಲ್ಲಿಯೇ ನಿದರ್ಶನಗಳಿವೆ. ಕುಪ್ಪಳಿಯ ಕುವೆಂಪು ಅವರ ಪ್ರಥಮ ಕವನಸಂಗ್ರಹವು 1922ರಲ್ಲಿ ಆಂಗ್ಲದಲ್ಲಿಯೇ ಹೊರಬಂದಿತು. ಐರಿಷ್ ಕವಿ ಕಸಿನ್ಸರ ಹಿತವಚನದಿಂದ ಅವರು ಕನ್ನಡಕ್ಕೆ ಒಲಿದರು. ಸಂಸ್ಕೃತ ಪಾಠಶಾಲೆಯಲ್ಲಿ ಓದು ತೊಡಗಿದ ಅನಂತಮೂರ್ತಿಯವರು 1966ರಲ್ಲಿ ಬರ್ಮಿಂಗ್‌ಹ್ಯಾಮಿನ ಡಾಕ್ಟರೇಟ್ ಪಡೆದರು. ‘ಸಂಸ್ಕಾರ’ವನ್ನು ಅಲ್ಲಿದ್ದೇ ಕನ್ನಡದಲ್ಲಿ ರಚಿಸಿದರು. ಪರಭಾಷೆಯ ಪರಿಶ್ರಮವು ಇಬ್ಬರಲ್ಲಿಯೂ ಸ್ವಭಾಷೆಯಲ್ಲಿಯೇ ಫಲಿಸಿತು.