ಮಾಟದ ರಾಜ್ಯದಲ್ಲಿ ಪತ್ತೇದಾರರು

ಒಂದು ಕಾಲಕ್ಕೆ ಎಪಿಕ್ ಫ್ಯಾಂಟಸಿಯನ್ನು ಹುಚ್ಚು ಹಿಡಿದಂತೆ ಓದಿ, ಆಮೇಲೆ ಬಿಟ್ಟುಬಿಟ್ಟವರು ಬಹಳ ಮಂದಿ. ಭವಿಷ್ಯವಾಣಿ ಹೊತ್ತು ಹುಟ್ಟಿದ ಹಳ್ಳಿಯ ಹುಡುಗ, ಮುಗಿಯದ ಪಯಣ, ಕೊನೆಗೊಂದು ಮಹಾಯುದ್ಧ. ಎರಡು ಸರಣಿ ಓದಿದವರಿಗೆ ಮೂರನೆಯದರ ಜಾಡು ಮೊದಲೇ ಗೊತ್ತಾಗಿಬಿಡುತ್ತದೆ. ಹೀಗೆ ದೂರವಾದವರನ್ನು ಮತ್ತೆ ಕರೆತರುವ ಶಕ್ತಿ ಈಗ ಪತ್ತೇದಾರಿ ಕಥಾನಕಕ್ಕೆ ಬಂದಿದೆ. ಸಾಮ್ರಾಜ್ಯದ ಅಂಚಿನಲ್ಲೆಲ್ಲೋ ಒಂದು ಹೆಣ ಬೀಳುತ್ತದೆ. ಯಾರು, ಹೇಗೆ, ಯಾಕೆ ಎಂದು ಓದುಗ ತಾನೂ ಲೆಕ್ಕ ಹಾಕತೊಡಗುತ್ತಾನೆ. ನನಗೂ ಈ ಪ್ರಕಾರದ ರುಚಿ ಮತ್ತೆ ಹತ್ತಿದ್ದು ಹೀಗೇ.

ಫ್ಯಾಂಟಸಿ, ಪತ್ತೇದಾರಿ ಎರಡೂ ಕೂಡಿ ಬಾಳಲಾರವು ಎಂಬ ನಂಬಿಕೆ ಹಳೆಯದು. ಇಂಗ್ಲೆಂಡಿನ ಪಾದ್ರಿ, ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆಂದು ಬರೆದ ಹತ್ತು ಕಟ್ಟಳೆಗಳಲ್ಲಿ ಅಲೌಕಿಕ ಶಕ್ತಿಗಳಿಗೆ ಪ್ರವೇಶವೇ ಇರಲಿಲ್ಲ. ಬೀಗ ಹಾಕಿದ ಕೋಣೆಯಲ್ಲಿ ಕೊಲೆ ಮಾಡಿದವನು ಮಂತ್ರ ಹಾಕಿ ಗೋಡೆ ದಾಟಿಹೋದ ಎಂದರೆ ಓದುಗನಿಗೆ ಮೋಸ ಮಾಡಿದಂತೆಯೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿದ್ದ ನಮ್ಮ ಓದುಗರೂ ಇದನ್ನು ಒಪ್ಪುತ್ತಿರಲಿಲ್ಲ.

ಈ ತೊಡಕಿನಿಂದ ಹೊರಬರುವ ದಾರಿ ತೋರಿಸಿದವರು ಅಮೆರಿಕದ ರ‍್ಯಾಂಡಲ್ ಗ್ಯಾರೆಟ್. 1964ರಲ್ಲಿ ಶುರುವಾದ ಅವರ ಲಾರ್ಡ್ ಡಾರ್ಸಿ ಕಥೆಗಳ ಯುರೋಪಿನಲ್ಲಿ ಇಂಗ್ಲೆಂಡಿನ ಹಳೆಯ ಪ್ಲಾಂಟಾಜನೆಟ್ ವಂಶದ ಅರಸರು ಇನ್ನೂ ಆಳುತ್ತಿದ್ದಾರೆ. ಅಲ್ಲಿ ಮಾಟವು ವಿಜ್ಞಾನದಂತೆ ನಿಯಮಗಳಿರುವ ವಿದ್ಯೆ. ಅದನ್ನು ಕಲಿಯಬೇಕು, ಪರವಾನಗಿ ಪಡೆಯಬೇಕು. ಮಾಂತ್ರಿಕ ಷಾನ್ ಓ ಲಾಕ್ಲನ್ ಹೆಣದ ಬಳಿ ಮಾಡುವ ಕೆಲಸ ಇಂದಿನ ವಿಧಿವಿಜ್ಞಾನ ತಜ್ಞರದ್ದೇ. ಗುಂಡು ಯಾವ ಪಿಸ್ತೂಲಿನದು ಎಂದು ಮಂತ್ರ ಹೇಳಬಲ್ಲದು, ಅದನ್ನು ಹಾರಿಸಿದ್ದು ಯಾಕೆ ಎಂದು ಹೇಳಲಾರದು. ಅದನ್ನು ಪತ್ತೇದಾರ ಡಾರ್ಸಿಯೇ ತರ್ಕದಿಂದ ಬಿಡಿಸಬೇಕು. 'ಟೂ ಮೆನಿ ಮೆಜಿಶಿಯನ್ಸ್' ಕಾದಂಬರಿಯಲ್ಲಂತೂ ಮಾಂತ್ರಿಕರ ಸಮ್ಮೇಳನ ನಡೆಯುತ್ತಿರುವ ಹೋಟೆಲಿನಲ್ಲೇ, ಮುಚ್ಚಿದ ಕೋಣೆಯೊಳಗೆ ಕೊಲೆ ನಡೆಯುತ್ತದೆ. ಸುತ್ತ ಎಲ್ಲರಿಗೂ ಮಂತ್ರ ಬರುತ್ತದೆ, ಆದರೂ ಸಮಸ್ಯೆ ಸಡಿಲವಾಗುವುದಿಲ್ಲ. ಮಾಟಕ್ಕೆ ಎಲ್ಲೆ ಹಾಕಿ, ಆ ಎಲ್ಲೆಯನ್ನು ಓದುಗನಿಗೆ ಮೊದಲೇ ತೋರಿಸಿದರೆ ಸಾಕು, ಆಟ ನ್ಯಾಯವಾಗಿಯೇ ಇರುತ್ತದೆ ಎಂದು ಗ್ಯಾರೆಟ್ ತೋರಿಸಿಕೊಟ್ಟರು.

ಎಂಬತ್ತರ ದಶಕದಲ್ಲಿ ಗ್ಲೆನ್ ಕುಕ್ ಖಾಸಗಿ ಪತ್ತೇದಾರನನ್ನು ಮಾಟದ ಊರಿಗೆ ತಂದರು, ಟೆರಿ ಪ್ರ್ಯಾಚೆಟ್ ನಗರದ ಕಾವಲು ಪಡೆಯನ್ನು. ದೊಡ್ಡ ಸರಣಿಗಳಿಗೆ ನಿಗೂಢತೆ ನುಸುಳಿದ್ದು ಮಾತ್ರ ಬೇರೆ ಬಾಗಿಲಿನಿಂದ. ರಾಬರ್ಟ್ ಜೋರ್ಡನ್ ಅವರ 'ದಿ ವೀಲ್ ಆಫ್ ಟೈಮ್' ಸರಣಿಯ ಐದನೆಯ ಸಂಪುಟ ಬಂದದ್ದು 1993ರಲ್ಲಿ. ಅದರ ಕೊನೆಯಲ್ಲಿ ಆಸ್ಮೋಡಿಯನ್ ಎಂಬ ಪಾತ್ರ ಬಾಗಿಲು ತೆರೆಯುತ್ತದೆ, ಎದುರಿಗಿರುವವರ ಗುರುತು ಹಿಡಿಯುತ್ತದೆ, ಸಾಯುತ್ತದೆ. ಕೊಂದದ್ದು ಯಾರೆಂದು ಲೇಖಕರು ಹೇಳಲಿಲ್ಲ. ಓದುಗರು ಸಂಪುಟಗಳನ್ನು ತಿರುವಿ ತಿರುವಿ, ಯಾರು ಯಾವ ದಿನ ಎಲ್ಲಿದ್ದರು ಎಂದು ವರ್ಷಗಟ್ಟಲೆ ವಾದಿಸಿದರು. 2007ರಲ್ಲಿ ಜೋರ್ಡನ್ ತೀರಿಕೊಂಡರು. ಉತ್ತರ ಅಚ್ಚಾಗಿದ್ದು 2010ರಲ್ಲಿ, ಬ್ರ್ಯಾಂಡನ್ ಸ್ಯಾಂಡರ್ಸನ್ ಮುಗಿಸಿಕೊಟ್ಟ 'ಟವರ್ಸ್ ಆಫ್ ಮಿಡ್‌ನೈಟ್' ಸಂಪುಟದ ಹಿಂದಿನ ಪದಕೋಶದಲ್ಲಿ! ಸಾವಿರಾರು ಪುಟಗಳ ಸರಣಿಯಲ್ಲಿ ಜನ ಇಷ್ಟು ಕಾಲ ಒಂದೇ ಪ್ರಶ್ನೆಗೆ ಅಂಟಿಕೊಂಡರೆಂದರೆ, ಎಪಿಕ್ ಓದುಗರ ಹಸಿವು ಎಂಥದೆಂದು ತಿಳಿಯುತ್ತದೆ.

ಜಾರ್ಜ್ ಆರ್. ಆರ್. ಮಾರ್ಟಿನ್ ಆ ಹಸಿವನ್ನು ಚೆನ್ನಾಗಿ ಬಲ್ಲವರು. 1996ರ 'ಎ ಗೇಮ್ ಆಫ್ ಥ್ರೋನ್ಸ್' ಕಾದಂಬರಿಯ ಮೇಲಿನ ಯುದ್ಧದ ಸದ್ದು ಸರಿಸಿದರೆ ಕೆಳಗೆ ಸಿಗುವುದು ಜಾನ್ ಆರಿನ್ ಎಂಬಾತನ ಸಾವಿನ ತನಿಖೆ. ತನಿಖೆಗಿಳಿದ ನೆಡ್ ಸ್ಟಾರ್ಕ್ ಒಂದು ದಪ್ಪ ವಂಶಾವಳಿಯ ಪುಸ್ತಕದಲ್ಲಿ ತಲೆಮಾರಿನಿಂದ ತಲೆಮಾರಿಗೆ ಕೂದಲ ಬಣ್ಣ ಓದುತ್ತಾ ಹೋಗುತ್ತಾನೆ. ಇಡೀ ರಾಜ್ಯ ಹೊತ್ತಿ ಉರಿಯುವುದಕ್ಕೆ ಕಾರಣ ಆ ಒಣ ದಾಖಲೆಯಲ್ಲೇ ಇದೆ.

ಸ್ಯಾಂಡರ್ಸನ್ 2007ರಲ್ಲಿ ಒಂದು ಸೂತ್ರ ಬರೆದರು: ಮಾಟವನ್ನು ಓದುಗ ಎಷ್ಟು ಅರ್ಥ ಮಾಡಿಕೊಂಡಿದ್ದಾನೋ, ಅಷ್ಟರ ಮಟ್ಟಿಗೆ ಮಾತ್ರ ಅದರಿಂದ ಕಥೆಯ ಬಿಕ್ಕಟ್ಟು ಬಿಡಿಸಬಹುದು. ನನ್ನ ಪ್ರಕಾರ ಇದು ನಾಕ್ಸ್ ಕೇಳಿದ ನ್ಯಾಯವೇ, ಫ್ಯಾಂಟಸಿಯ ಕಡೆಯಿಂದ ಬಂದದ್ದು. ಕ್ಯಾಥರೀನ್ ಆಡಿಸನ್ ಅವರ 'ದಿ ವಿಟ್ನೆಸ್ ಫಾರ್ ದ ಡೆಡ್' (2021) ಇದನ್ನು ಬಹಳ ಸೊಗಸಾಗಿ ಪಾಲಿಸುತ್ತದೆ. ಅಲ್ಲಿನ ಪುರೋಹಿತ ಸೆಲೆಹಾರ್ ಹೆಣ ಮುಟ್ಟಿದರೆ ಸತ್ತವರ ಕೊನೆಯ ಅರಿವು ಅವನಿಗೆ ದಕ್ಕುತ್ತದೆ. ಆದರೆ ಸತ್ತವರು ಕಾಣದ್ದನ್ನು ಅವನೂ ಕಾಣಲಾರ. ಹಾಗಾಗಿ ಬೀದಿ ಬೀದಿ ಅಲೆದು, ಮನೆಮನೆಗೆ ಹೋಗಿ ಕೇಳಲೇಬೇಕು.

ಎಲ್ಲ ಪ್ರಯೋಗಗಳೂ ಇಷ್ಟು ಗಟ್ಟಿಯಿಲ್ಲ. ಕೊಲೆಯನ್ನು ಬರೀ ಮುನ್ನುಡಿಗೆ ಬಳಸಿ, ನೂರು ಪುಟಕ್ಕೇ ಮತ್ತೆ ಯುದ್ಧಕ್ಕೆ ಓಡುವ ಕಾದಂಬರಿಗಳೂ ಸಾಕಷ್ಟಿವೆ. ಅದಕ್ಕೇ ರಾಬರ್ಟ್ ಜಾಕ್ಸನ್ ಬೆನೆಟ್ ಅವರ 'ದಿ ಟೇಂಟೆಡ್ ಕಪ್' (2024) ನನಗೆ ದೊಡ್ಡ ಸಾಧನೆಯಾಗಿ ಕಾಣುತ್ತದೆ. ಸಿರಿವಂತರ ಬಂಗಲೆಯೊಂದರಲ್ಲಿ ಅಧಿಕಾರಿಯ ದೇಹವನ್ನು ಸೀಳಿಕೊಂಡು ಮರ ಎದ್ದಿದೆ. ತನಿಖಾಧಿಕಾರಿ ಆನಾ ಡೊಲಾಬ್ರಾ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂರುವಾಕೆ. ಜಾಗಕ್ಕೆ ಹೋಗಿ ನೋಡಿ ಬರುವವನು ಸಹಾಯಕ ಡಿನಿಯೋಸ್ ಕೋಲ್. ಕಂಡದ್ದನ್ನು ಮರೆಯದಂತೆ ಅವನ ಮಿದುಳನ್ನೇ ಮಾರ್ಪಡಿಸಲಾಗಿದೆ. ಆ ನೆನಪುಗಳನ್ನು ಒಂದೊಂದು ಸೀಸೆಯ ವಾಸನೆಗೆ ಕಟ್ಟಿಹಾಕಿಕೊಂಡು, ಬೇಕಾದಾಗ ಮೂಸಿ ಹೊರತೆಗೆಯುತ್ತಾನೆ. ಇತ್ತ ಮಳೆಗಾಲದಲ್ಲಿ ಸಮುದ್ರದಿಂದ ದೈತ್ಯ ಜೀವಿಗಳು ಏರಿಬಂದು ಕೋಟೆಗೋಡೆ ಒಡೆಯುತ್ತವೆ. ಆ ಗೋಡೆಗೂ ಈ ಕೊಲೆಗೂ ನಂಟಿದೆ. ಸಾಮ್ರಾಜ್ಯ ನಡೆಯುವ ಬಗೆ ಅರ್ಥವಾಗದೆ ಕೊಲೆಗಾರ ಸಿಗುವುದಿಲ್ಲ, ಕೊಲೆಯ ಜಾಡು ಹಿಡಿಯದೆ ಸಾಮ್ರಾಜ್ಯ ಅರ್ಥವಾಗುವುದಿಲ್ಲ. ಎಪಿಕ್ ಲೇಖಕರು ಪುಟಗಟ್ಟಲೆ ವಿವರಿಸುತ್ತಿದ್ದ ಲೋಕದ ರೀತಿನೀತಿಯೆಲ್ಲ ಇಲ್ಲಿ ಸುಳಿವಾಗಿದೆ, ಒಂದು ಸಾಲನ್ನೂ ಹಾರಿಸುವಂತಿಲ್ಲ.

2025ರಲ್ಲಿ ಇದಕ್ಕೆ ಅತ್ಯುತ್ತಮ ಕಾದಂಬರಿಯ ಹ್ಯೂಗೋ ಪ್ರಶಸ್ತಿ ಬಂತು. ಅದೇ ವರ್ಷ ಬಂದ ಎರಡನೆಯ ಭಾಗ 'ಎ ಡ್ರಾಪ್ ಆಫ್ ಕರಪ್ಷನ್' ಶುರುವಾಗುವುದು ಬೀಗ ಹಾಕಿದ ಕೋಣೆಯಿಂದ ಖಜಾನೆಯ ಅಧಿಕಾರಿಯೊಬ್ಬ ಕಾಣೆಯಾದ ಪ್ರಕರಣದಿಂದ. ಫ್ಯಾಂಟಸಿ ಬಿಟ್ಟು ವರ್ಷಗಳಾದವರು ಮೊದಲ ಭಾಗದಿಂದಲೇ ತೊಡಗಲಿ. ಹಿಡಿಸಿದರೆ ಆಡಿಸನ್, ಆಮೇಲೆ ಹಿಂದಕ್ಕೆ ಗ್ಯಾರೆಟ್.